ಎರಕದ ತಾರೀಖು ಮೊದಲು ನೋಡಿ, ಕಾಗದ ಆಮೇಲೆ

ಹಳೇ ಅಮೆರಿಕನ್ ಮಸಲ್ ಕಾರ್, ಅಂದರೆ ದೊಡ್ಡ ಎಂಜಿನ್ನಿನ ವೇಗದ ಕಾರು, ಕೊಳ್ಳಲು ಹೋದವರಿಗೆ ಮಾರುವವರು ಮೊದಲು ತೋರಿಸುವುದು ಫೈಲ್. ಪ್ಲಾಸ್ಟಿಕ್ ಹಾಳೆಗಳೊಳಗೆ ಜೋಡಿಸಿಟ್ಟ ಹಳದಿ ಕಾಗದಗಳು, ಹಿಂದಿನ ಮಾಲೀಕರ ಪತ್ರ, ಹಳೇ ಫೋಟೋ. ಅದನ್ನೆಲ್ಲ ತಿರುವಿ ಹಾಕಿ ಕಾರಿನ ಹತ್ತಿರ ಬರುವಷ್ಟರಲ್ಲಿ ಮನಸ್ಸು ಆಗಲೇ ಒಪ್ಪಿಬಿಟ್ಟಿರುತ್ತದೆ. ಆಮೇಲೆ ಕಣ್ಣಿಗೆ ಬೀಳುವುದೆಲ್ಲ ಆ ಕಥೆಗೆ ಹೊಂದುವಂತೆಯೇ ಕಾಣುತ್ತದೆ. ಅದಕ್ಕೇ ನನ್ನನ್ನು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಮಾತು. ಮೊದಲು ಬಾನೆಟ್ ಎತ್ತಿಸಿ. ಎಂಜಿನ್ನಿನ ಕಬ್ಬಿಣದ ಮೇಲೆ ಎರಕ ಹೊಯ್ದಾಗಲೇ ಮೂಡಿರುವ ತಾರೀಖುಗಳನ್ನು ಓದಿ ಬರೆದುಕೊಳ್ಳಿ. ಫೈಲ್ ಎಲ್ಲೂ ಓಡಿಹೋಗುವುದಿಲ್ಲ.

ನಾನು ಇರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದಲ್ಲಿ. ಎಂಜಿನ್ ಬ್ಲಾಕ್ ಮಷಿನಿಂಗ್ ಲೈನಿನಲ್ಲಿ ಕ್ವಾಲಿಟಿ ತಪಾಸಣೆ ಮಾಡಿಕೊಂಡೇ ಇಷ್ಟು ವರ್ಷ ಕಳೆದವಳು. ಎರಕದ ಕಬ್ಬಿಣದ ಮೇಲೆ ಕಟರ್ ಹೋದರೆ ಯಾವ ಗುರುತು ಬೀಳುತ್ತದೆ, ಮರಳು ಕಾಗದ ಹೋದರೆ ಯಾವ ಗುರುತು ಬೀಳುತ್ತದೆ ಅನ್ನುವುದು ನನಗೆ ದಿನನಿತ್ಯದ ಕೆಲಸ. ಆಗಸ್ಟ್ ತಿಂಗಳ ಮೂರನೇ ಶನಿವಾರ ಇಲ್ಲಿ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೇ ಕಾರುಗಳ ಜಾತ್ರೆ ನಡೆಯುತ್ತದೆ, 1995 ರಿಂದ. ಅಲ್ಲಿ ಓಡಾಡುತ್ತಾ ಈ ಕಾರುಗಳ ಮೇಲೆ ಪ್ರೀತಿ ಹುಟ್ಟಿತು. ಪ್ರೀತಿ ಹುಟ್ಟಿದ ಮೇಲೆ ಸುಳ್ಳು ಕಾರುಗಳ ಮೇಲೆ ಸಿಟ್ಟೂ ಬಂತು.

ಈ ಕಾರುಗಳಲ್ಲಿ ಸುಳ್ಳು ಇಷ್ಟು ಸುಲಭವಾಗಿದ್ದು ಯಾಕೆ ಅಂದ್ರೆ, ಅವು ಹುಟ್ಟಿದ ರೀತಿಯೇ ಹಾಗೆ. 1964 ರಲ್ಲಿ ಪಾಂಟಿಯಾಕ್‌ನವರು ತಮ್ಮ ಮಧ್ಯಮ ಗಾತ್ರದ ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ ದೊಡ್ಡ ಕಾರಿನ 389 ಕ್ಯೂಬಿಕ್ ಇಂಚಿನ ಎಂಜಿನ್ ಕೂರಿಸಿ, ಜಿಟಿಓ ಅಂತ ಹೆಸರಿಟ್ಟು, ಒಂದು ಆಪ್ಷನ್ ಪ್ಯಾಕೇಜ್ ಆಗಿ ಮಾರಿದರು. ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಅಂದರೆ ಮನೆಮಂದಿ ಓಡಿಸುವ ಸಾದಾ ಕಾರು, ಬೀದಿಯಲ್ಲಿ ಬೆಂಕಿ ಉಗುಳುವ ಕಾರು, ಎರಡಕ್ಕೂ ಬಾಡಿ ಒಂದೇ, ಕಾರ್ಖಾನೆ ಒಂದೇ. ವ್ಯತ್ಯಾಸ ಇದ್ದದ್ದು ಆರ್ಡರ್ ಫಾರ್ಮಿನಲ್ಲಿ ಯಾವ ಚೌಕಕ್ಕೆ ಗುರುತು ಹಾಕಿದರು ಅನ್ನುವುದರಲ್ಲಿ. ಇವತ್ತು ಅದರ ಬಿಡಿಭಾಗಗಳೆಲ್ಲ ಹೊಸದಾಗಿ ತಯಾರಾಗಿ ಸಿಗುತ್ತವೆ. ಬ್ಯಾಡ್ಜ್, ಬಾನೆಟ್, ಡ್ಯಾಶ್‌ಬೋರ್ಡ್, ಸೀಟಿನ ಬಟ್ಟೆ, ಕಾರ್ಖಾನೆಯ ಸ್ಟಿಕ್ಕರ್ ಕೂಡ. ತಾಳ್ಮೆ ಇರುವ ಯಾರಾದರೂ ಸಾದಾ ಕಾರನ್ನು ದುಬಾರಿ ಕಾರಾಗಿ ಮಾಡಬಹುದು.

ಒಂದೇ ಮಾದರಿ ಹಿಡಿದು ಹೇಳುತ್ತೇನೆ, ಆಗ ವಿಷಯ ಗಟ್ಟಿಯಾಗುತ್ತದೆ. 1970 ರ ಶೆವರ್ಲೆ ಶೆವೆಲ್ ಎಸ್‌ಎಸ್ 454, ಎಲ್‌ಎಸ್6 ಎಂಜಿನ್. ಎಸ್‌ಎಸ್ ಅಂದರೆ ಸೂಪರ್ ಸ್ಪೋರ್ಟ್, 454 ಅಂದರೆ ಕ್ಯೂಬಿಕ್ ಇಂಚಿನಲ್ಲಿ ಎಂಜಿನ್ನಿನ ಗಾತ್ರ, ಎಲ್‌ಎಸ್6 ಅಂದರೆ ಆ ಎಂಜಿನ್ನಿನ ಹೆಚ್ಚು ಶಕ್ತಿಯ ರೂಪ. ಮಧ್ಯಮ ಗಾತ್ರದ ಕಾರಿನಲ್ಲಿ 400 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಅಂತ ಜನರಲ್ ಮೋಟರ್ಸ್ ತಾನೇ ಹಾಕಿಕೊಂಡಿದ್ದ ಮಿತಿಯನ್ನು 1970 ರ ಮಾದರಿಗೆ ತೆಗೆದುಹಾಕಿತು. ಆಗ ಬಂದ ಕಾರು ಇದು. ಎಲ್‌ಎಸ್5 ಅನ್ನುವ 454 ಎಂಜಿನ್‌ಗೆ 360 ಕುದುರೆ ಶಕ್ತಿ ಅಂತ ಬರೆದಿದ್ದರು, ಎಲ್‌ಎಸ್6 ಗೆ 450. ಎಲ್‌ಎಸ್6 ತಯಾರಾಗಿದ್ದು 4,475 ಅಂತ ಎಲ್ಲರೂ ಹೇಳುವ ಲೆಕ್ಕ. ಮಾಲಿಬು ಹೆಸರಿನ ಸಾದಾ ಶೆವೆಲ್ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ತಯಾರಾಯಿತು. ಎರಡಕ್ಕೂ ಈಗಿನ ಬೆಲೆಯಲ್ಲಿ ಅಜಗಜಾಂತರ. ಆಸೆ ಹುಟ್ಟುವುದು ಆ ಅಂತರದಲ್ಲೇ.

ಕಳೆದ ವಸಂತದಲ್ಲಿ ನಮ್ಮ ಕನ್ನಡ ಕೂಟದ ಹುಡುಗನೊಬ್ಬ ಫೋನ್ ಮಾಡಿದ. ಓಹಾಯೋದಲ್ಲಿ ಒಂದು ಎಲ್‌ಎಸ್6 ಇದೆ, ನಾಲ್ಕು ಗೇರಿನದು, ಕೆಂಪು ಬಣ್ಣ.

"ಅಕ್ಕಾ, ನಂಬರ್ಸ್ ಮ್ಯಾಚಿಂಗ್ ಅಂತೆ, ಕಾರ್ಖಾನೆಯಲ್ಲಿ ಕೂರಿಸಿದ ಎಂಜಿನ್ನೇ ಈಗಲೂ ಇರೋದಂತೆ. ಎಂಜಿನ್ ಮೇಲಿನ ನಂಬರಿನ ಫೋಟೋ ಕಳಿಸಿದ್ದಾರೆ. ವಿನ್ ಜೊತೆ ತಾಳೆ ಆಗ್ತಿದೆ, ನೀವೇ ನೋಡಿ."

"ಎರಕದ ತಾರೀಖಿನ ಫೋಟೋ ಕಳಿಸಿದ್ದಾರೇನೋ?"

"ಅದೆಲ್ಲಿರುತ್ತೆ ಅಕ್ಕಾ?"

ಹೊರಟೆವು.

ಮೊದಲು ವಿನ್, ಅಂದರೆ ಪ್ರತಿ ಕಾರಿಗೂ ಕಾರ್ಖಾನೆ ಕೊಡುವ ಗುರುತಿನ ಸಂಖ್ಯೆ. ಈ ಕಾಲದ ಕಾರುಗಳ ವಿನ್‌ಗೆ 17 ಅಕ್ಷರ ಇರುವುದಿಲ್ಲ, ಅದು 1981 ರಿಂದ ಬಂದ ಪದ್ಧತಿ. 1970 ರ ಶೆವರ್ಲೆಗೆ 13 ಅಕ್ಷರ. ಈಗಿನ ಕಾರುಗಳಿಗೆ ಇರುವ ವೆಬ್‌ಸೈಟಿಗೆ ಹಾಕಿದರೆ ಏನೂ ಬರುವುದಿಲ್ಲ, ಕೈಯಲ್ಲೇ ಓದಬೇಕು. ಮೊದಲ 1 ಅಂದರೆ ಶೆವರ್ಲೆ. ಮುಂದಿನ ಎರಡು ಅಂಕಿ ಸರಣಿ. ಆಮೇಲಿನ ಎರಡು ಬಾಡಿ, 37 ಅಂದರೆ ಎರಡು ಬಾಗಿಲಿನ ಹಾರ್ಡ್‌ಟಾಪ್, 67 ಅಂದರೆ ಕನ್ವರ್ಟಿಬಲ್. ನಂತರ ವರ್ಷದ ಅಂಕಿ 0, ಕಾರ್ಖಾನೆಯ ಅಕ್ಷರ, ಕೊನೆಗೆ ಆರು ಅಂಕಿಯ ಕ್ರಮಸಂಖ್ಯೆ. ನಾವು ನೋಡಲು ಹೋದ ಕಾರಿನದು 136370ಕೆ ಅಂತ ಶುರುವಾಗುತ್ತಿತ್ತು. ವಿ8 ಮಾಲಿಬು ಹಾರ್ಡ್‌ಟಾಪ್, 1970, ಕ್ಯಾನ್ಸಸ್ ಸಿಟಿ. ಅಷ್ಟೇ. ಅದು ಎಸ್‌ಎಸ್ ಅಂತ ವಿನ್ ಎಲ್ಲೂ ಹೇಳುವುದಿಲ್ಲ. 1966 ರಿಂದ 1968 ರವರೆಗೆ ಎಸ್‌ಎಸ್ 396 ಪ್ರತ್ಯೇಕ ಸರಣಿ ಆಗಿತ್ತು, ವಿನ್ 138 ರಿಂದ ಶುರುವಾಗುತ್ತಿತ್ತು, ನಕಲು ಮಾಡುವವರಿಗೆ ಅಲ್ಲಿ ದಾರಿ ಕಷ್ಟ. 1969 ರಿಂದ ಅದನ್ನು ಆಪ್ಷನ್ ಪ್ಯಾಕೇಜ್ ಮಾಡಿಬಿಟ್ಟರು. ಹಾಗಾಗಿ 1970 ರ ವಿನ್‌ನಿಂದ ಒಂದು ಕಾರು ಎಸ್‌ಎಸ್ ಅಲ್ಲ ಅಂತ ಹೇಳಬಹುದು, ಹೌದು ಅಂತ ಹೇಳಲಾಗದು. 135 ಅಂತ ಇದ್ದರೆ ಅದು ಆರು ಸಿಲಿಂಡರಿನ ಮಾಲಿಬು, ಅಲ್ಲಿಂದಲೇ ನಮಸ್ಕಾರ ಹೇಳಿ ಬರಬಹುದು.

ವಿನ್ ಒತ್ತಿದ ಲೋಹದ ಪಟ್ಟಿಯನ್ನು ಡ್ಯಾಶ್‌ಗೆ ಹಿಡಿದಿರುವ ರಿವೆಟ್‌ಗಳನ್ನೂ ನೋಡಿ. ಕಾರ್ಖಾನೆಯವರು ಹೊಡೆದಿದ್ದು ಹೂವಿನ ಆಕಾರದ ತಲೆ ಇರುವ ರಿವೆಟ್. ಸಾದಾ ಗುಂಡು ರಿವೆಟ್, ಸ್ಕ್ರೂ, ಅಂಟು, ಸುತ್ತಲೂ ಗೀರು, ಇವು ಏನೇ ಕಂಡರೂ ಕಾರು ಎಷ್ಟೇ ಚೆನ್ನಾಗಿರಲಿ, ಅಲ್ಲಿಗೇ ನಿಲ್ಲಿಸಿ. ವಿನ್ ಕಿತ್ತು ಬದಲಾಯಿಸುವುದು ಇಲ್ಲಿ ಫೆಡರಲ್ ಅಪರಾಧ. ಅಂಥ ಕಾರನ್ನು ಪೊಲೀಸರು ಜಪ್ತಿ ಮಾಡಿದರೆ ದುಡ್ಡೂ ಹೋಯಿತು, ಕಾರೂ ಹೋಯಿತು. ಬಾಡಿಯ ಮೇಲೆ ಬೇರೆ ಕಡೆಯೂ ವಿನ್‌ನ ತುಣುಕು ಒತ್ತಿರುತ್ತದೆ. ಶೆವೆಲ್‌ನಲ್ಲಿ ಹೀಟರ್ ಪೆಟ್ಟಿಗೆಯ ಹಿಂದಿನ ಫೈರ್‌ವಾಲ್ ಮೇಲೆ (ಎಂಜಿನ್‌ಗೂ ಜನ ಕೂರುವ ಜಾಗಕ್ಕೂ ನಡುವಿನ ಗೋಡೆ), ಚಾಸಿಸ್ ಮೇಲೆ. ಅವನ್ನು ನೋಡಲು ಭಾಗ ಬಿಚ್ಚಬೇಕಾಗುತ್ತದೆ. ದುಡ್ಡು ದೊಡ್ಡದಾಗಿದ್ದರೆ ಬಿಚ್ಚಿಸಿಯೇ ನೋಡಿ. ಮಾಲೀಕರು ಬೇಡ ಅಂದರೆ ಅದೂ ಒಂದು ಉತ್ತರವೇ.

ಫೈರ್‌ವಾಲ್ ಮೇಲೆ ಇನ್ನೊಂದು ಸಣ್ಣ ತಗಡು ಇರುತ್ತದೆ, ಟ್ರಿಮ್ ಟ್ಯಾಗ್. ಬಣ್ಣ, ಸೀಟಿನ ಬಟ್ಟೆ, ಬಾಡಿ ತಯಾರಾದ ವಾರ, ಇವಿಷ್ಟು ಅದರಲ್ಲಿ. ನಾವು ನೋಡಿದ ಕಾರಿನಲ್ಲಿ 02ಡಿ ಅಂತ ಇತ್ತು. ಫೆಬ್ರವರಿ, ನಾಲ್ಕನೇ ವಾರ. ಈ ಟ್ಯಾಗ್ ಕೂಡ 1970 ರ ಶೆವೆಲ್‌ನಲ್ಲಿ ಎಸ್‌ಎಸ್ ಅಂತ ಹೇಳುವುದಿಲ್ಲ. ಆದರೆ ಆ ವಾರವನ್ನು ದೊಡ್ಡದಾಗಿ ಬರೆದುಕೊಳ್ಳಿ, ಉಳಿದ ಎಲ್ಲ ತಾರೀಖುಗಳನ್ನು ತೂಗುವುದು ಅದರ ಎದುರಿಗೇ.

ಇನ್ನು ಎಂಜಿನ್. ಇಲ್ಲಿ ನಾನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಜನ ಮೋಸ ಹೋಗುವ ಜಾಗ ಇದೇ.

ಬಲಗಡೆಯ ಸಿಲಿಂಡರ್ ಹೆಡ್‌ನ ಮುಂದೆ ಬ್ಲಾಕಿನ ಮೇಲೆ ಒಂದು ಸಣ್ಣ ಚಪ್ಪಟೆ ಜಾಗ ಇರುತ್ತದೆ, ಸ್ಟಾಂಪ್ ಪ್ಯಾಡ್. ಅದರ ಮೇಲೆ ಎರಡು ಬೇರೆ ಬೇರೆ ಬರಹ. ಒಂದು, ಎಂಜಿನ್ ಜೋಡಿಸಿದ ಕಾರ್ಖಾನೆ, ತಿಂಗಳು, ದಿನ, ಮತ್ತೆ ಯಾವ ಎಂಜಿನ್ ಅನ್ನುವ ಮೂರಕ್ಷರ. ಓಹಾಯೋದ ಕಾರಿನಲ್ಲಿ ಟಿ0210ಸಿಆರ್‌ವಿ ಅಂತ ಇತ್ತು. ಟಿ ಅಂದರೆ ನ್ಯೂಯಾರ್ಕ್ ರಾಜ್ಯದ ಟೊನವಾಂಡ, ಫೆಬ್ರವರಿ 10, ಸಿಆರ್‌ವಿ ಅಂದರೆ ನಾಲ್ಕು ಗೇರಿನ ಎಲ್‌ಎಸ್6. ಎರಡನೆಯದು ವಿನ್‌ನ ತುಣುಕು, 10ಕೆ ಅಂತ ಶುರುವಾಗಿ ಕಾರಿನದೇ ಆರು ಅಂಕಿ. ಹುಡುಗ ಫೋಟೋದಲ್ಲಿ ತಾಳೆ ನೋಡಿ ಖುಷಿಪಟ್ಟಿದ್ದು ಇದನ್ನೇ. ತಾಳೆ ಏನೋ ಆಗುತ್ತಿತ್ತು. ಆದರೆ ಈ ಅಕ್ಷರಗಳನ್ನು ಒತ್ತಲು ಬೇಕಾದ ಸುತ್ತಿಗೆ, ಅಚ್ಚು ಯಾರ ಗ್ಯಾರೇಜಿನಲ್ಲಾದರೂ ಇರಬಹುದು. ಹಳೇ ನಂಬರ್ ಉಜ್ಜಿ ತೆಗೆದು ಬೇಕಾದ ನಂಬರ್ ಒತ್ತುವುದು ಒಂದು ಮಧ್ಯಾಹ್ನದ ಕೆಲಸ.

ಎರಕದ ತಾರೀಖು ಹಾಗಲ್ಲ. ಅದು ಕರಗಿದ ಕಬ್ಬಿಣವನ್ನು ಅಚ್ಚಿಗೆ ಹೊಯ್ದಾಗಲೇ ಬ್ಲಾಕಿನ ಮೈಯಲ್ಲಿ ಉಬ್ಬಿಕೊಂಡು ಬಂದಿರುತ್ತದೆ. ಈ ಎಂಜಿನ್ನಿನಲ್ಲಿ ಬ್ಲಾಕಿನ ಬಲಗಡೆಯ ಮೈಯಲ್ಲಿ, ಸ್ಟಾರ್ಟರ್ ಮೋಟರಿನ ಹತ್ತಿರ, ಕನ್ನಡಿ ಹಿಡಿದು ಟಾರ್ಚ್ ಹಾಕಿ ನೋಡಬೇಕು. ಒಂದು ಅಕ್ಷರ, ಒಂದೆರಡು ಅಂಕಿ, ಮತ್ತೆ ವರ್ಷದ ಕೊನೆಯ ಅಂಕಿ. ಎ ಅಂದರೆ ಜನವರಿ, ಬಿ ಅಂದರೆ ಫೆಬ್ರವರಿ, ಹಾಗೆಯೇ ಎಲ್ ವರೆಗೆ. ಅದನ್ನು ಬದಲಾಯಿಸಬೇಕಾದರೆ ಕಡಿದು, ವೆಲ್ಡ್ ಮಾಡಿ, ಹೊಸದಾಗಿ ಕೂರಿಸಬೇಕು, ಒರಟು ಎರಕದ ಮೈಯಲ್ಲಿ ಅದು ಎದ್ದು ಕಾಣುತ್ತದೆ. ಬಹಳಷ್ಟು ಜನ ಆ ಗೋಜಿಗೇ ಹೋಗುವುದಿಲ್ಲ. ಯಾಕೆಂದರೆ ಕೊಳ್ಳುವವರು ಅಲ್ಲಿವರೆಗೆ ಬಗ್ಗಿ ನೋಡುವುದಿಲ್ಲ.

ಕ್ರಮ ಹೀಗಿರಬೇಕು. ಮೊದಲು ಎರಕ, ಕೆಲವು ದಿನವೋ ಕೆಲವು ವಾರವೋ ಬಿಟ್ಟು ಎಂಜಿನ್ ಜೋಡಣೆ, ಅದಾದ ಮೇಲೆ ಕಾರು. ಈ ಸಾಲು ಎಲ್ಲೂ ಹಿಂದುಮುಂದಾಗುವ ಹಾಗಿಲ್ಲ. ಮಗು ಹುಟ್ಟುವ ಮುಂಚೆ ನಾಮಕರಣ ಆಗುವುದಿಲ್ಲ ಅಲ್ವಾ?

ನಾನು ಕನ್ನಡಿ ಹಿಡಿದೆ. ಎಣ್ಣೆ ಜಿಡ್ಡು ಗಟ್ಟಿಯಾಗಿ ಕೂತಿತ್ತು. ಮೆತ್ತನೆಯ ಬಟ್ಟೆಗೆ ಸ್ವಲ್ಪ ಕ್ಲೀನರ್ ಹಾಕಿ ಒರೆಸಿದೆ. ಸಿ 18 0. ಮಾರ್ಚ್ 18, 1970.

ಫೆಬ್ರವರಿ 10 ಕ್ಕೆ ಜೋಡಿಸಿದ ಎಂಜಿನ್, ಫೆಬ್ರವರಿ ಕೊನೆಯ ವಾರದ ಕಾರು, ಮಾರ್ಚ್ 18 ಕ್ಕೆ ಎರಕ ಹೊಯ್ದ ಬ್ಲಾಕ್. ಅಲ್ಲಿಗೆ ಮುಗಿಯಿತು. ಹುಡುಗನಿಗೆ ಕನ್ನಡಿ ಕೊಟ್ಟು "ನೀನೇ ಓದು" ಅಂದೆ. ಓದಿದ. ಮತ್ತೊಮ್ಮೆ ಓದಿದ.

ಬ್ಲಾಕಿನ ಎರಕದ ನಂಬರ್ ಏನೋ ಸರಿಯಾಗಿಯೇ ಇತ್ತು, 3963512. ಆದರೆ ಆ ನಂಬರ್ ಎಲ್‌ಎಸ್5, ಎಲ್‌ಎಸ್6 ಎರಡಕ್ಕೂ ಬರುತ್ತದೆ. ಆ ವರ್ಷ ಶೆವರ್ಲೆಯ ದೊಡ್ಡ ಕಾರುಗಳಲ್ಲೂ 454 ಸಿಗುತ್ತಿತ್ತು. "512 ಬ್ಲಾಕ್ ಇದೆ" ಅಂತ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಎಲ್‌ಎಸ್6 ನ ಹೆಡ್‌ಗೆ 3964291, ಗಾಳಿ, ಪೆಟ್ರೋಲ್ ಒಳಗೆ ಹೋಗುವ ಅಲ್ಯುಮಿನಿಯಂ ಇನ್‌ಟೇಕ್‌ಗೆ 3963569 ಇರಬೇಕು. ಅವೂ ಬೇರೆ ಕಡೆಯಿಂದ ತಂದು ಹಾಕಬಹುದಾದ ಭಾಗಗಳೇ. ಆದರೆ ಅವುಗಳ ಮೇಲೂ ಎರಕದ ತಾರೀಖು ಇದೆ, ಅದನ್ನೂ ಬರೆದುಕೊಳ್ಳಿ.

ಎರಕದ ತಾರೀಖು ಸರಿ ಇದ್ದರೂ ಪ್ಯಾಡನ್ನು ನೋಡದೆ ಬಿಡಬೇಡಿ, ಜಾಣರು ತಾರೀಖು ಹೊಂದುವ ಬ್ಲಾಕನ್ನೇ ಹುಡುಕಿ ತರುತ್ತಾರೆ. ನನಗೆ ಚೆನ್ನಾಗಿ ಗೊತ್ತಿರುವ ಜಾಗ ಇದು. ಬ್ಲಾಕಿನ ಮೇಲ್ಮೈಯನ್ನು ಆಗ ಬ್ರೋಚಿಂಗ್ ಮಷಿನ್‌ನಲ್ಲಿ ಮಟ್ಟ ಮಾಡುತ್ತಿದ್ದರು. ದೊಡ್ಡ ಕಟರ್ ಒಂದೇ ಎಳೆತದಲ್ಲಿ ಬ್ಲಾಕಿನ ಉದ್ದಕ್ಕೂ ಹೋಗುತ್ತದೆ. ಅದು ಬಿಟ್ಟುಹೋಗುವ ಗೆರೆಗಳು ಕೂದಲೆಳೆಯಷ್ಟು ಸಣ್ಣ, ನೇರ, ಒಂದಕ್ಕೊಂದು ಸಮಾನಾಂತರ, ಎಂಜಿನ್ನಿನ ಮುಂದಿನಿಂದ ಹಿಂದಕ್ಕೆ. ಕೆಲವು ಆಳ, ಕೆಲವು ಮಸುಕು, ಯಾಕೆಂದರೆ ಕಟರ್‌ನ ಹಲ್ಲುಗಳು ಸಮನಾಗಿ ಸವೆಯುವುದಿಲ್ಲ. ಮತ್ತೆ ಆ ಗೆರೆಗಳು ಪ್ಯಾಡಿನಲ್ಲಿ ಶುರುವಾಗಿ ಹೆಡ್‌ನ ಗ್ಯಾಸ್ಕೆಟ್ ಅಡಿಯವರೆಗೂ ನುಗ್ಗಿ ಹೋಗುತ್ತವೆ. ಅಕ್ಷರ ಒತ್ತಿದ್ದು ಗೆರೆ ಬಿದ್ದ ಮೇಲೆ. ಹಾಗಾಗಿ ಅಕ್ಷರದ ಅಂಚಿನಲ್ಲಿ ಕಬ್ಬಿಣ ಸ್ವಲ್ಪ ಉಬ್ಬಿ, ಗೆರೆ ಅಲ್ಲಿ ಮುರಿದಿರಬೇಕು.

ಟಾರ್ಚನ್ನು ಮೇಲಿನಿಂದ ಹಿಡಿದರೆ ಇದೇನೂ ಕಾಣುವುದಿಲ್ಲ. ಪ್ಯಾಡಿನ ಮಟ್ಟಕ್ಕೆ ತಂದು, ಪಕ್ಕದಿಂದ, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವ ಹಾಗೆ ಹಿಡಿಯಬೇಕು. ಆಗ ಪ್ರತಿಯೊಂದು ಗೆರೆಯೂ ನೆರಳು ಬಿಡುತ್ತದೆ. ಓಹಾಯೋದ ಪ್ಯಾಡಿನಲ್ಲಿ ಹಾಗೆ ಹಿಡಿದಾಗ ಎರಡು ಬಗೆಯ ಗುರುತು ಕಂಡವು. ಅಡಿಯಲ್ಲಿ ಸಣ್ಣ ಬಾಗಿದ ಗೆರೆಗಳು, ಸುತ್ತುವ ಕಟರ್ ಹೋದ ಗುರುತು. ಅಂದರೆ ಬ್ಲಾಕನ್ನು ಯಾವಾಗಲೋ ವರ್ಕ್‌ಶಾಪಿನಲ್ಲಿ ಮಟ್ಟ ಮಾಡಿಸಿದ್ದಾರೆ, ಹಳೇ ನಂಬರ್ ಅಲ್ಲೇ ಹೋಗಿದೆ. ಅದರ ಮೇಲೆ ನೇರ ಗೆರೆಗಳು, ಆದರೆ ಎಲ್ಲವೂ ಒಂದೇ ಆಳ, ಹೆಡ್ ಹತ್ತಿರ ಬರುತ್ತಾ ಮಾಯ. ಮರಳು ಕಾಗದ ಎಳೆದಿದ್ದಾರೆ. ಇನ್ನೂ ಒಂದು. ಆ ಗೆರೆಗಳು "ಸಿಆರ್‌ವಿ" ಅಕ್ಷರಗಳ ಉಬ್ಬಿದ ಅಂಚನ್ನೂ ಸವರಿಕೊಂಡು ಹೋಗಿದ್ದವು. ಅಕ್ಷರ ಮೊದಲು, ಗೆರೆ ಆಮೇಲೆ. ಯಾವ ಕಾರ್ಖಾನೆಯಲ್ಲೂ ಹಾಗೆ ಆಗುವುದಿಲ್ಲ.

ಅಕ್ಷರದ ಸಾಲನ್ನೂ ಗಮನಿಸಿ. ಎಂಜಿನ್ ಕಾರ್ಖಾನೆಯಲ್ಲಿ ಅಚ್ಚುಗಳನ್ನು ಒಂದು ಹಿಡಿಯಲ್ಲಿ ಜೋಡಿಸಿ ಒಟ್ಟಿಗೆ ಒತ್ತುತ್ತಿದ್ದರು. ವಿನ್ ತುಣುಕು ಒತ್ತಿದ್ದು ಕಾರಿನ ಕಾರ್ಖಾನೆಯಲ್ಲಿ, ಬೇರೆ ಅಚ್ಚು, ಬೇರೆ ಕೈ. ಎರಡೂ ಸಾಲು ಒಂದೇ ಅಚ್ಚಿನಿಂದ ಬಂದ ಹಾಗೆ ಕಂಡರೆ ಅನುಮಾನ ಪಡಿ. ಒಂದೊಂದು ಅಕ್ಷರವೂ ಒಂದೊಂದು ಕಡೆ ವಾಲಿದ್ದರೂ ಅನುಮಾನ ಪಡಿ. ಮತ್ತೆ ದಯವಿಟ್ಟು ಪ್ಯಾಡನ್ನು ತಂತಿ ಬ್ರಷ್‌ನಿಂದ ಉಜ್ಜಬೇಡಿ, ಯಾರನ್ನೂ ಉಜ್ಜಲು ಬಿಡಬೇಡಿ. ಅಸಲಿ ಗೆರೆಗಳು ಒಂದು ಸಲ ಹೋದರೆ ಆ ಕಾರಿನ ಸಾಕ್ಷಿ ಶಾಶ್ವತವಾಗಿ ಹೋದ ಹಾಗೆ.

ನಂಬರ್ ಇಲ್ಲದ ಪ್ಯಾಡ್ ಎಲ್ಲವೂ ಮೋಸ ಅಲ್ಲ, ಇದನ್ನೂ ಹೇಳಲೇಬೇಕು. ಎಂಜಿನ್ ರಿಪೇರಿಗೆ ಹೋದಾಗ ಮೇಲ್ಮೈ ಮಟ್ಟ ಮಾಡುವುದು ಮಾಮೂಲಿ, ಆಗ ನಂಬರ್ ಅಳಿಸಿಹೋಗುತ್ತದೆ. 1970 ರ ದಶಕದಲ್ಲಿ ಇವು ಸುಮ್ನೆ ಹಳೇ ಕಾರುಗಳು, ಯಾರೂ ಆ ನಂಬರಿಗೆ ಬೆಲೆ ಕೊಡುತ್ತಿರಲಿಲ್ಲ. ಕೆಲವು ಬ್ಲಾಕುಗಳ ಮೇಲೆ ಸಿಇ ಅಂತ ಇರುತ್ತದೆ, ವಾರಂಟಿಯಲ್ಲಿ ಡೀಲರ್ ಬದಲಾಯಿಸಿ ಕೊಟ್ಟ ಎಂಜಿನ್. ಇವೆಲ್ಲ ಪ್ರಾಮಾಣಿಕ ಕಾರುಗಳು. ಖಾಲಿ ಪ್ಯಾಡ್ ಇರುವ ಕಾರನ್ನು ನಾನು ಸಂತೋಷವಾಗಿ ಕೊಳ್ಳುತ್ತೇನೆ. ಹೊಸದಾಗಿ ಒತ್ತಿದ ಪ್ಯಾಡ್ ಇರುವ ಕಾರನ್ನು ಕೊಳ್ಳುವುದಿಲ್ಲ, ಒಂದು ಕಡೆ ಸುಳ್ಳು ಹೇಳಿದವರು ಇನ್ನೆಲ್ಲಿ ಹೇಳಿದ್ದಾರೋ ಯಾರಿಗೆ ಗೊತ್ತು.

ಗೇರ್‌ಬಾಕ್ಸ್ ಮೇಲೂ ತಾರೀಖು ಇದೆ. ಮನ್ಸಿ ಅನ್ನುವ ಹೆಸರಿನ ನಾಲ್ಕು ಗೇರಿನದಾದರೆ ಪಿ0ಬಿ12ಸಿ ಅಂತ ಇರಬಹುದು. ಮನ್ಸಿ, 1970, ಫೆಬ್ರವರಿ 12, ಕೊನೆಯ ಸಿ ಅಂದರೆ ಎಂ22, ಸದ್ದು ಜಾಸ್ತಿ ಮಾಡುವ ಗಟ್ಟಿ ಗೇರ್‌ಬಾಕ್ಸ್. ಪಕ್ಕದಲ್ಲೇ ವಿನ್ ತುಣುಕು. ಹಿಂದಿನ ಆಕ್ಸಲ್ 12 ಬೋಲ್ಟಿನದಾಗಿರಬೇಕು, ಅದರ ಟ್ಯೂಬ್ ಮೇಲೆಯೂ ಕೋಡ್, ತಾರೀಖು ಇರುತ್ತವೆ. ಮುಂದೆ ಡಿಸ್ಕ್ ಬ್ರೇಕ್, ಒಳಗೆ ಗುಂಡು ಮೀಟರ್‌ಗಳ ಡ್ಯಾಶ್. ಇವು ಇಲ್ಲದಿದ್ದರೆ ಎಸ್‌ಎಸ್ ಅಲ್ಲ, ಇದ್ದರೆ ಎಸ್‌ಎಸ್ ಅಂತಲೂ ಅಲ್ಲ. ಎಲ್ಲವೂ ಬದಲಾಯಿಸಬಹುದಾದವು. ಆದರೆ ಮೋಸ ಮಾಡುವವರು ಎಲ್ಲ ಕಡೆ ತಾರೀಖು ಹೊಂದಿಸುವಷ್ಟು ತಾಳ್ಮೆ ತೋರಿಸುವುದು ಕಡಿಮೆ. ಕಾರ್ಬ್ಯುರೇಟರ್, ಆಲ್ಟರ್ನೇಟರ್, ಎಕ್ಸಾಸ್ಟ್ ಮ್ಯಾನಿಫೋಲ್ಡ್, ಕಿಟಕಿ ಗಾಜು, ಎಲ್ಲದರ ಮೇಲೂ ತಾರೀಖು ಇದೆ. ಒಂದು ಕಾಗದದಲ್ಲಿ ಸಾಲಾಗಿ ಬರೆದರೆ ಅಸಲಿ ಕಾರಿನಲ್ಲಿ ಅವೆಲ್ಲ ಆ ಚಳಿಗಾಲದ ಕೆಲವೇ ತಿಂಗಳಲ್ಲಿ ಗುಂಪಾಗಿ ಕೂರುತ್ತವೆ. ಅದನ್ನು ಕಣ್ಣಾರೆ ನೋಡಿದರೆ ಮೈ ಜುಮ್ ಅನ್ನುತ್ತದೆ, ನಿಜ.

ಈಗ ಫೈಲ್ ತೆಗೆಯಿರಿ. ಜನರಲ್ ಮೋಟರ್ಸ್ (ಜಿಎಂ) ಕಾರಿನಲ್ಲಿ ಎಲ್ಲಕ್ಕಿಂತ ಬೆಲೆ ಬಾಳುವ ಕಾಗದ ಬಿಲ್ಡ್ ಶೀಟ್. ಯಾವ ಕಾರಿಗೆ ಯಾವ ಭಾಗ ಹಾಕಬೇಕು ಅಂತ ಲೈನಿನ ಕೆಲಸಗಾರರಿಗೆ ಕೊಡುತ್ತಿದ್ದ ಹಾಳೆ. ಕೆಲಸ ಮುಗಿದ ಮೇಲೆ ಅದನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ, ಸೀಟಿನ ಸ್ಪ್ರಿಂಗುಗಳ ಮಧ್ಯೆ ಸಿಕ್ಕಿಸಿ ಬಿಡುತ್ತಿದ್ದರು. ಇನ್ನೊಂದು ಪ್ರೊಟೆಕ್ಟ್ ಓ ಪ್ಲೇಟ್, ವಾರಂಟಿ ಪುಸ್ತಕದ ಜೊತೆ ಬರುತ್ತಿದ್ದ ಸಣ್ಣ ಲೋಹದ ಪಟ್ಟಿ, ಎಂಜಿನ್ ಕೋಡ್ ಅದರಲ್ಲೇ ಉಬ್ಬಿರುತ್ತದೆ. ಎರಡನ್ನೂ ನಕಲಿ ಮಾಡುತ್ತಾರೆ. ಬಿಲ್ಡ್ ಶೀಟ್ ಹೊಡೆದಿದ್ದು ಅಕ್ಷರ ಕುಟ್ಟುವ ಹಳೇ ಪ್ರಿಂಟರಿನಲ್ಲಿ. ಹಾಳೆಯ ಹಿಂದೆ ಬೆರಳಾಡಿಸಿದರೆ, ಓರೆ ಬೆಳಕಿಗೆ ಹಿಡಿದರೆ ಒತ್ತಿನ ಗುರುತು ಸಿಗಬಹುದು. ಈಗಿನ ಲೇಸರ್ ಪ್ರಿಂಟ್ ನುಣುಪಾಗಿ ಕೂತಿರುತ್ತದೆ. ಹಾಳೆಯಲ್ಲಿರುವ ವಿನ್ ಇದೇ ಕಾರಿನದಾ ಅಂತಲೂ ನೋಡಿ, ಕೆಲಸಗಾರರು ಪಕ್ಕದ ಕಾರಿನ ಹಾಳೆಯನ್ನು ಸಿಕ್ಕಿಸಿ ಬಿಟ್ಟಿರುವುದೂ ಉಂಟು.

ಶೆವೆಲ್ ಬಗ್ಗೆ ಇಷ್ಟು ಕಷ್ಟಪಡುವುದು ಯಾಕೆಂದರೆ, ಅಮೆರಿಕದಲ್ಲಿ ಮಾರಿದ 1970 ರ ಶೆವರ್ಲೆಗೆ ಯಾವ ಎಂಜಿನ್ ಹಾಕಿದರು ಅಂತ ಕಂಪನಿಗೆ ಬರೆದು ಕೇಳಿದರೆ ಸಿಗುವ ದಾಖಲೆ ಇಲ್ಲ. ಕೆನಡಾದಲ್ಲಿ ಮಾರಿದ ಕಾರಿಗೆ ಜಿಎಂ ಕೆನಡಾದಿಂದ ಸಿಗುತ್ತದೆ.

ಪಾಂಟಿಯಾಕ್ ಕೊಳ್ಳುವವರು ಭಾಗ್ಯವಂತರು. ಪಿಎಚ್‌ಎಸ್ ಅನ್ನುವ ಸಂಸ್ಥೆಯ ಹತ್ತಿರ 1961 ರಿಂದ ಈಚಿನ ಪಾಂಟಿಯಾಕ್‌ಗಳ ಕಾರ್ಖಾನೆ ಬಿಲ್‌ಗಳ ಪ್ರತಿ ಇದೆ. ವಿನ್ ಕೊಟ್ಟು ಫೀಸು ಕಟ್ಟಿದರೆ ಆ ಕಾರು ಯಾವ ಆಪ್ಷನ್‌ಗಳ ಜೊತೆ ಹೊರಬಿತ್ತು ಅಂತ ಬರುತ್ತದೆ. 1964, 65 ರ ಜಿಟಿಓ ಆದರೆ ಆ ಕಾಗದ ಇಲ್ಲದೆ ಕೊಳ್ಳಬೇಡಿ, ಆಗಿನ್ನೂ ಅದು ಆಪ್ಷನ್ ಮಾತ್ರ. 1966 ರಿಂದ 71 ರವರೆಗೆ ವಿನ್‌ನಲ್ಲೇ 242 ಅಂತ ಇರುತ್ತದೆ.

ಫೋರ್ಡ್‌ನವರು ಇನ್ನೂ ಅಚ್ಚುಕಟ್ಟು. ವಿನ್‌ನ ಐದನೇ ಅಕ್ಷರವೇ ಎಂಜಿನ್. 1969 ರ ಮಸ್ಟಾಂಗ್‌ನಲ್ಲಿ ಆರ್ ಅಂದರೆ ರ‍್ಯಾಮ್ ಏರ್ ಇರುವ 428 ಕೋಬ್ರಾ ಜೆಟ್, ಜಡ್ ಅಂದರೆ ಬಾಸ್ 429. ಅದರ ಜೊತೆಗೆ 1967 ರಿಂದ ಈಚಿನ ಕಾರುಗಳ ಉತ್ಪಾದನಾ ದಾಖಲೆಯನ್ನು ಕೆವಿನ್ ಮಾರ್ಟಿ ಅವರು ಫೋರ್ಡ್‌ನಿಂದ ಪಡೆದು ಇಟ್ಟುಕೊಂಡಿದ್ದಾರೆ. ಮಾರ್ಟಿ ರಿಪೋರ್ಟ್ ಇಲ್ಲದೆ ದುಬಾರಿ ಮಸ್ಟಾಂಗ್ ಮಾರುತ್ತಿದ್ದರೆ, ಯಾಕೆ ತರಿಸಿಲ್ಲ ಅಂತ ಕೇಳಿ. ಅವರ ಪ್ರತಿ ನಂಬಬೇಡಿ, ನೀವೇ ತರಿಸಿ.

ಕ್ರೈಸ್ಲರ್ ಕಾರುಗಳಲ್ಲಿ ದುಡ್ಡು ದೊಡ್ಡದು, ಹಾಗಾಗಿ ಆಸೆಯೂ ದೊಡ್ಡದು. 1971 ರ ಹೆಮಿ ಕುಡಾ (ಹೆಮಿ ಎಂಜಿನ್ ಇರುವ ಪ್ಲಿಮತ್ ಬರಾಕುಡಾ) ಕನ್ವರ್ಟಿಬಲ್ ಒಂದು 2014 ರಲ್ಲಿ ಸಿಯಾಟಲ್‌ನ ಮೇಕಮ್ ಹರಾಜಿನಲ್ಲಿ 35 ಲಕ್ಷ ಡಾಲರ್‌ಗೆ ಹೋಯಿತು. 1970 ರದ್ದು ತಯಾರಾಗಿದ್ದೇ 14. ಇಲ್ಲೂ ಐದನೇ ಅಕ್ಷರ ಎಂಜಿನ್. ಬಿಎಸ್23ಆರ್0ಬಿ ಅಂತಿದ್ದರೆ ಹೆಮಿ ಕುಡಾ ಹಾರ್ಡ್‌ಟಾಪ್, ಬಿಎಚ್23ಜಿ ಅಂತಿದ್ದರೆ 318 ಎಂಜಿನ್ನಿನ ಸಾದಾ ಬರಾಕುಡಾ. ಹಾಗಾಗಿ ಇಲ್ಲಿ ಮೋಸದ ದಾರಿ ವಿನ್ ಪಟ್ಟಿಯನ್ನೇ ಬದಲಿಸುವುದು. ತುಕ್ಕು ಹಿಡಿದು ಸತ್ತ ಹೆಮಿ ಕಾರಿನ ಪಟ್ಟಿಯನ್ನು ಗಟ್ಟಿ ಬಾಡಿಯ ಬರಾಕುಡಾಗೆ ಹಾಕಿಬಿಡುವುದು. ರೇಡಿಯೇಟರ್ ಸಪೋರ್ಟ್ ಮೇಲೆ, ಫೈರ್‌ವಾಲ್ ಮೇಲ್ತುದಿಯಲ್ಲಿ ಒತ್ತಿದ ತುಣುಕುಗಳು ಪಟ್ಟಿಗೆ ತಾಳೆ ಆಗುತ್ತವಾ, ಅವುಗಳ ಸುತ್ತ ವೆಲ್ಡಿಂಗ್ ಇದೆಯಾ ನೋಡಿ. ಬಾನೆಟ್ ಅಡಿಯಲ್ಲಿ ಆಪ್ಷನ್‌ಗಳ ಕೋಡ್ ಇರುವ ಸಣ್ಣ ತಗಡು, ಫೆಂಡರ್ ಟ್ಯಾಗ್‌ನಲ್ಲಿ ಇ74 ಅಂದರೆ ಹೆಮಿ, ಡಿ21 ಅಂದರೆ ನಾಲ್ಕು ಗೇರು. ಆದರೆ ಆ ಟ್ಯಾಗ್ ನಿಂತಿರುವುದು ಸ್ಕ್ರೂಗಳಲ್ಲಿ. ಅದರಷ್ಟಕ್ಕೆ ಅದನ್ನು ನಂಬಲು ಹೋಗಬೇಡಿ. ಈ ದರ್ಜೆಯ ಕಾರಿಗೆ ಆ ಒಂದೇ ಮಾದರಿಯನ್ನು ಅರೆದು ಕುಡಿದ ತಜ್ಞರನ್ನು ದುಡ್ಡು ಕೊಟ್ಟು ಕರೆತನ್ನಿ, ಮಾರುವವರು ಸೂಚಿಸಿದವರನ್ನಲ್ಲ.

ನಕಲು ಕಾರುಗಳ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಮಾಲಿಬುಗೆ 454 ಹಾಕಿ, ಎಸ್‌ಎಸ್ ಪಟ್ಟೆ ಹಚ್ಚಿ, "ಇದು ನಾನು ಕಟ್ಟಿದ್ದು" ಅಂತ ಹೆಮ್ಮೆಯಿಂದ ಹೇಳುವವರ ಕಾರು ನೋಡಲು ನನಗೆ ಇಷ್ಟ. ಓಡಿಸಲು ಅದೇ ಖುಷಿ, ಬೆಲೆ ಕಡಿಮೆ, ಗೀರು ಬಿದ್ದರೆ ಎದೆ ಒಡೆಯುವುದಿಲ್ಲ. ಆದರೆ ಅದನ್ನು ಅಸಲಿ ಅಂತ ಮಾರಿದ ದಿನ, ಆ ಸುಳ್ಳು ಮುಂದಿನ ಪ್ರತಿ ಮಾಲೀಕರ ತಲೆಗೂ ಅಂಟಿಕೊಳ್ಳುತ್ತದೆ.

ಓಹಾಯೋದಲ್ಲಿ ಆ ಕಾರು ಮಾರಲು ಇಟ್ಟಿದ್ದ ಹಿರಿಯರಿಗೆ ಆಗಿದ್ದು ಅದೇ. ಅವರು ಕಾರು ಕೊಂಡಾಗಲೇ ನಂಬರ್ ಹಾಗೆ ಒತ್ತಿತ್ತು. ನಾನು ಟಾರ್ಚ್ ಹಿಡಿದು ಗೆರೆಗಳನ್ನು ತೋರಿಸಿದೆ. ಅವರು ಕನ್ನಡಕ ತಂದು, ಬಗ್ಗಿ, ಬಹಳ ಹೊತ್ತು ನೋಡಿದರು. ವಾದ ಮಾಡಲಿಲ್ಲ. ಬಾಡಿ ಗಟ್ಟಿಯಾಗಿತ್ತು, ಬಣ್ಣದ ಕೆಲಸ ಚೆನ್ನಾಗಿತ್ತು. 454 ಎಂಜಿನ್ ಇರುವ ಮಾಲಿಬು ಅಂತ ಬೆಲೆ ಕಟ್ಟಿದರೆ ಇವನು ಇವತ್ತೇ ತೆಗೆದುಕೊಳ್ಳುತ್ತಾನೆ ಅಂದೆ. ಅಷ್ಟು ಇಳಿಸಲು ಅವರಿಂದ ಆಗಲಿಲ್ಲ, ಅವರು ಕೊಟ್ಟಿದ್ದು ಎಲ್‌ಎಸ್6 ನ ದುಡ್ಡು. ಕೈ ಕುಲುಕಿ ಬಂದೆವು.

ವಾಪಸ್ ಬರುವಾಗ ಹುಡುಗ ಕೇಳಿದ, "ಅಕ್ಕಾ, ನೀವು ಸಿಗದಿದ್ದರೆ ನಾನು ಏನು ಮಾಡಬೇಕಿತ್ತು?" ಕನ್ನಡಿ, ಟಾರ್ಚ್, ಮೆತ್ತನೆಯ ಬಟ್ಟೆ, ಬರೆದುಕೊಳ್ಳಲು ಒಂದು ಪುಸ್ತಕ, ಇಷ್ಟು ಸಾಕು ಅಂದೆ. ಮತ್ತೆ ಎರಡು ಮಾತು. ಮುಂಗಡ ಕೊಟ್ಟರೆ, ತಪಾಸಣೆಯಲ್ಲಿ ಹೊಂದದಿದ್ದರೆ ವಾಪಸ್ ಅಂತ ಬರೆಸಿಕೋ. ಮಾರಾಟದ ಪತ್ರದಲ್ಲಿ "1970 ಶೆವೆಲ್" ಅಂತ ಬಿಟ್ಟರೆ ಸಾಲದು. ಈ ಕಾರು ಕಾರ್ಖಾನೆಯಿಂದ ಇಂಥ ಎಂಜಿನ್ ಜೊತೆಗೇ ಬಂದದ್ದು, ಈಗ ಇರುವುದು ಅದೇ ಎಂಜಿನ್ ಅಂತ ಮಾರುವವರ ಸಹಿ ಬೇಕು. ಬಾಯಲ್ಲಿ ಹೇಳಿದ್ದನ್ನು ಬರೆದುಕೊಡಲು ಹಿಂದೆಮುಂದೆ ನೋಡುವವರ ಹತ್ತಿರ ಕೊಳ್ಳಬೇಡ.

ಅವನು ಈಗ 1967 ರ ಒಂದು ಜಿಟಿಓ ಹಿಂದೆ ಬಿದ್ದಿದ್ದಾನೆ. ವಿನ್ 242 ರಿಂದ ಶುರು, ಪಿಎಚ್‌ಎಸ್‌ಗೆ ಫೀಸು ಕಟ್ಟಿದ್ದಾನೆ. ಮೊನ್ನೆ ಕಳಿಸಿದ ಫೋಟೋಗಳಲ್ಲಿ ಮೊದಲನೆಯದೇ ಎರಕದ ತಾರೀಖು.